ಗಣಿತ ಕ್ಲಾಸಲ್ಲಿ ಆಕ್ಟಿವಿಟಿ ಮಾಡ್ಸೋದಾ, ವರ್ಕ್‌ಶೀಟ್ ಕೊಡೋದಾ?

ಯಲಹಂಕ ಕಡೆಯ ಒಂದು ಸರ್ಕಾರಿ ಶಾಲೆ ಟೀಚರ್ ಕೇಳಿರೋ ಪ್ರಶ್ನೆ, ಸ್ವಲ್ಪ ಚಿಕ್ಕದು ಮಾಡಿ ಹಾಕ್ತಿದೀನಿ:

"5 ಮತ್ತೆ 6ನೇ ಕ್ಲಾಸಿಗೆ ಗಣಿತ ತಗೋತೀನಿ. ಆಕ್ಟಿವಿಟಿ ಮಾಡ್ಸಿದ್ರೆ ಮಕ್ಕಳು ಕುಣಿದಾಡ್ತಾರೆ, ಆದ್ರೆ ಪೋರ್ಷನ್ ಮುಗಿಯಲ್ಲ, ಮಾರನೇ ದಿನ ಕೇಳಿದ್ರೆ ಆಟ ನೆನಪಿರತ್ತೆ ಲೆಕ್ಕ ನೆನಪಿರಲ್ಲ. ಹೋಗ್ಲಿ ಅಂತ ವರ್ಕ್‌ಶೀಟ್ ಕೊಟ್ರೆ ಇಬ್ರು ಮೂರು ಜನ ಮಾಡ್ತಾರೆ, ಮಿಕ್ಕೋರೆಲ್ಲ ಅವರದ್ದು ನೋಡಿ ಕಾಪಿ ಹೊಡೀತಾರೆ. ಎರಡರಲ್ಲಿ ಯಾವುದನ್ನ ನಂಬ್ಕೊಂಡು ಹೋಗ್ಲಿ?"

ಮೇಡಂ, "ಎರಡೂ ಬೇಕು" ಅಂತ ಜಾಣತನದ ಉತ್ತರ ಕೊಟ್ಟು ತಪ್ಪಿಸ್ಕೊಬಹುದು, ಆದ್ರೆ ಅದರಿಂದ ನಾಳೆ ಬೆಳಗ್ಗೆ ಕ್ಲಾಸಿಗೆ ಹೋಗೋ ನಿಮಗೆ ಮೂರು ಕಾಸಿನ ಉಪಯೋಗ ಇಲ್ಲ. ನಾನು ಹೇಳೋದು ಇಷ್ಟು: ಆಕ್ಟಿವಿಟಿ ಮಾಡ್ತಾ ಮಾಡ್ತಾನೇ ತುಂಬೋ ಹಾಳೆ ವರ್ಕ್‌ಶೀಟ್ ಆಗ್ಬೇಕು. ಈಗ ಹೆಚ್ಚಿನ ಕಡೆ ಏನಾಗ್ತಿದೆ ಅಂದ್ರೆ ಸೋಮವಾರ ಆಟ, ಮಂಗಳವಾರ ಹಾಳೆ. ಆಟದಲ್ಲಿ ಬಣ್ಣದ ಪೇಪರಲ್ಲಿ ಪಿಜ್ಜಾ ಕತ್ತರಿಸಿದ್ರು, ಹಾಳೆಯಲ್ಲಿ ನೋಡಿದ್ರೆ 3/7 + 2/5 ಅಂತಿದೆ. ನಿನ್ನೆ ಕತ್ತರಿಸಿದ ಪಿಜ್ಜಾಗೂ ಇವತ್ತಿನ ಈ ಲೆಕ್ಕಕ್ಕೂ ಏನು ಸಂಬಂಧ ಅಂತ ಆ ಮಗುಗೆ ಯಾರೂ ಹೇಳಿಲ್ಲ, ಅದಕ್ಕೇ ಆಟ ಆಟದ ಪಾಡಿಗೆ ಇರತ್ತೆ, ಲೆಕ್ಕ ಲೆಕ್ಕದ ಪಾಡಿಗೆ ಇರತ್ತೆ.

ಇದೇನು ಹೊಸ ವಿಷಯ ಅಲ್ಲ. ಜೆರೋಮ್ ಬ್ರೂನರ್ ಅನ್ನೋ ಅಮೆರಿಕದ ಮನಃಶಾಸ್ತ್ರಜ್ಞ 1960ರ ದಶಕದಲ್ಲೇ ಹೇಳಿದ್ದ, ಮೊದಲು ಕೈಯಲ್ಲಿ ಮಾಡೋದು, ಆಮೇಲೆ ಚಿತ್ರದಲ್ಲಿ ನೋಡೋದು, ಕೊನೆಗೆ ಅಂಕಿ ಚಿಹ್ನೆಯಲ್ಲಿ ಬರೆಯೋದು ಅಂತ. ಸಿಂಗಪುರದವರು 1980ರ ದಶಕದಲ್ಲಿ ಇದನ್ನೇ ಹಿಡ್ಕೊಂಡು ಶಾಲೆ ಗಣಿತ ಕಟ್ಟಿದ್ರು. ನಮ್ಮಲ್ಲಿ ಮೊದಲನೇದೂ ಇದೆ ಕೊನೇದೂ ಇದೆ, ನಡುವಿನ ಚಿತ್ರ ಇದೆಯಲ್ಲ ಅದು ಹಾರಿಹೋಗಿರತ್ತೆ. ಹಾಳೆ ಅಲ್ಲಿಗೆ ಬರ್ಬೇಕು.

ಮತ್ತೆ ಇನ್ನೊಂದು. "ಯಾವ ಆಕ್ಟಿವಿಟಿ ಮಾಡ್ಸ್ಲಿ" ಅಂತ ಯೂಟ್ಯೂಬ್ ಹುಡುಕಕ್ಕೆ ಮುಂಚೆ ಮಕ್ಕಳು ಮಾಡ್ತಿರೋ ಯಾವ ತಪ್ಪನ್ನ ಹಿಡೀಬೇಕು ಅಂತ ಒಂದು ಸಾಲು ಬರ್ಕೊಳ್ಳಿ. ನಿಮ್ಮ 5, 6ನೇ ಕ್ಲಾಸಲ್ಲಿ ಈ ತಪ್ಪು ಗ್ಯಾರಂಟಿ ಇರತ್ತೆ: 1/3 + 1/4 = 2/7. ಮೇಲಿನದಕ್ಕೆ ಮೇಲಿಂದು, ಕೆಳಗಿನದಕ್ಕೆ ಕೆಳಗಿಂದು. ಮಗು ಕಡೆಯಿಂದ ನೋಡಿದ್ರೆ ಅದರಲ್ಲಿ ಒಂದು ನ್ಯಾಯ ಇದೆ, ಇಷ್ಟು ವರ್ಷ ಕೂಡಿಸೋದು ಅಂದ್ರೆ ಕಾಣೋ ಅಂಕಿನೆಲ್ಲ ಕೂಡಿಸೋದೇ ಆಗಿತ್ತಲ್ಲ. ನೀವು ಬೋರ್ಡ್ ಮೇಲೆ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅದೇ ಎಲ್‌ಸಿಎಂ) ತೆಗೆದು ಹತ್ತು ಸಲ ಮಾಡಿ ತೋರ್ಸಿ, ಪರೀಕ್ಷೆ ದಿನ ಮತ್ತೆ 2/7 ಬರೆದಿರತ್ತೆ.

ಇದಕ್ಕೆ ಒಂದು ಎ4 ಹಾಳೆ ಸಾಕು. ಹಾಳೆ ಉದ್ದ 29.7 ಸೆಂಮೀ, ಅಗಲ 21 ಸೆಂಮೀ. ಉದ್ದದಲ್ಲಿ 24 ಸೆಂಮೀ ಇಟ್ಕೊಂಡು ಮಿಕ್ಕಿದ್ದು ಕತ್ತರಿಸಿಬಿಡಿ, ಅಗಲದಲ್ಲಿ 3 ಸೆಂಮೀಗೆ ಒಂದೊಂದು ಪಟ್ಟಿ ಮಾಡಿದ್ರೆ ಸರಿಯಾಗಿ 7 ಪಟ್ಟಿ ಬರತ್ತೆ. 24 ಯಾಕೆ ಅಂದ್ರೆ ಅದನ್ನ 2, 3, 4, 6, 8, 12 ಎಲ್ಲದರಿಂದಲೂ ಶೇಷ ಇಲ್ದೆ ಭಾಗಿಸಬಹುದು. ಒಂದು ಪಟ್ಟಿ ಪೂರ್ತಿ ಹಾಗೇ ಬಿಡಿ. ಮಿಕ್ಕ ಆರರಲ್ಲಿ ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು, ಎಂಟನೇ ಒಂದು, ಹನ್ನೆರಡನೇ ಒಂದು. ಇಬ್ಬಿಬ್ಬರಿಗೆ ಒಂದು ಹಾಳೆ. ಸ್ಕೇಲ್ ಇಟ್ಟು ಗುರುತು ಹಾಕಿ ಮಡಿಸ್ಲಿ, ಯಾಕಂದ್ರೆ ಅಂದಾಜಲ್ಲಿ ಮೂರು ಸಮ ಮಡಿಕೆ ಮಾಡೋದು ದೊಡ್ಡವರಿಗೇ ಬರಲ್ಲ. ಗುರುತು ಹಾಕೋ ಹೊತ್ತಲ್ಲೇ ಅರ್ಧ ಪಾಠ ಆಗೋಗತ್ತೆ, 24ರಲ್ಲಿ ಆರನೇ ಒಂದು ಭಾಗ ಎಷ್ಟು ಅಂತ ಅವರೇ ಭಾಗಿಸ್ಬೇಕಲ್ಲ. ಒಂದು ಮಾತು, ಪಟ್ಟಿನ ತುಂಡು ತುಂಡು ಮಾಡಕ್ಕೆ ಬಿಡಬೇಡಿ, ಎರಡನೇ ದಿನಕ್ಕೆ ಅರ್ಧ ತುಂಡು ಬೆಂಚ್ ಕೆಳಗೆ ಇರತ್ತೆ. ಮಡಿಸಿದ ಗೆರೆ ಮೇಲೆ ಸ್ಕೆಚ್ ಪೆನ್ನಲ್ಲಿ ಎಳೆದ್ರೆ ಸಾಕು.

ಈಗ 1/3 + 1/4. ಮೂರರ ಪಟ್ಟಿನ ಒಂದು ಭಾಗ ಮಾತ್ರ ಕಾಣೋ ಹಾಗೆ ಮಡಿಸಿ ಇಡ್ಲಿ, ಅದರ ಪಕ್ಕಕ್ಕೆ ಅಂಟ್ಕೊಂಡ ಹಾಗೆ ನಾಲ್ಕರ ಪಟ್ಟಿನ ಒಂದು ಭಾಗ. 8 ಸೆಂಮೀ, 6 ಸೆಂಮೀ, ಒಟ್ಟು 14. ಅರ್ಧದ ಪಟ್ಟಿ 12 ಸೆಂಮೀಗೆ ನಿಲ್ಲತ್ತೆ, ಇದು ಅದನ್ನ ದಾಟಿ ಹೋಗಿದೆ. ಈಗ ಕೇಳಿ, "2/7 ಅರ್ಧಕ್ಕಿಂತ ಜಾಸ್ತಿನಾ ಕಮ್ಮಿನಾ?" 7ರಲ್ಲಿ ಅರ್ಧ ಮೂರೂವರೆ, 2 ಅದಕ್ಕಿಂತ ಕಮ್ಮಿ. ಅಂದ್ರೆ ಕೂಡಿಸಿದ ಮೇಲೆ ಬಂದಿದ್ದು ಅರ್ಧ ದಾಟಿದೆ, ಆದ್ರೆ ಬರೆದ ಉತ್ತರ ಅರ್ಧಕ್ಕೂ ಬಂದಿಲ್ಲ. ಅಷ್ಟೇ ಅಲ್ಲ, 2/7 ಅನ್ನೋದು ನಾವು ಶುರು ಮಾಡಿದ 1/3ಕ್ಕಿಂತಲೂ ಚಿಕ್ಕದು! ಕೂಡಿಸಿದ್ರೆ ಕಮ್ಮಿ ಆಯ್ತು ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತ ಟೀಚರ್ ಹೇಳ್ಬೇಕಾಗಿಲ್ಲ, ಹಿಂದಿನ ಬೆಂಚಿಂದಲೇ ಕೂಗು ಬರತ್ತೆ.

ಆಮೇಲೆ ಮುಂದಿನ ಪ್ರಶ್ನೆ: ಹಾಗಾದ್ರೆ ಇದನ್ನ ಯಾವ ಪಟ್ಟಿಲಿ ಅಳೆಯೋದು? ಮೂರರದ್ದು ಇಟ್ರೆ ಗೆರೆ ಸೇರಲ್ಲ, ನಾಲ್ಕರದ್ದೂ ಸೇರಲ್ಲ, ಆರರದ್ದು ಎಂಟರದ್ದೂ ಇಲ್ಲ. ಹನ್ನೆರಡರದ್ದು ಇಟ್ರೆ ಸರಿಯಾಗಿ 7 ಮನೆ. ಮೂರನೇ ಒಂದರಲ್ಲಿ 4 ಮನೆ, ಕಾಲಲ್ಲಿ 3 ಮನೆ, 7/12. ಲ.ಸಾ.ಅ. ಯಾಕೆ ಬೇಕು ಅನ್ನೋದು ಇಲ್ಲಿ ಸಿಗತ್ತೆ, ಇಬ್ಬರಿಗೂ ಸರಿಹೋಗೋ ಅಳತೆ ಹುಡುಕೋ ಕೆಲಸ ಅದು.

ಇದೆಲ್ಲ ನಡೀತಿರೋವಾಗ ನೋಟ್‌ಬುಕ್ ತೆರೆದೇ ಇರ್ಬೇಕು. ಪುಟದ ಮಧ್ಯೆ ಒಂದು ಗೆರೆ. ಎಡಗಡೆ ಪಟ್ಟಿ ಚಿತ್ರ, ಬಲಗಡೆ ಅದೇ ಅಂಕಿಯಲ್ಲಿ. ಇದೇ ನಿಮ್ಮ ವರ್ಕ್‌ಶೀಟ್, ಜೆರಾಕ್ಸ್ ಖರ್ಚು ಕೂಡ ಇಲ್ಲ. ಪ್ರಿಂಟ್ ಮಾಡ್ಸಲೇಬೇಕು ಅಂದ್ರೆ ಆರು ಪ್ರಶ್ನೆ ಮೀರಬೇಡಿ, ಇಪ್ಪತ್ತು ಲೆಕ್ಕ ಇರೋ ಹಾಳೆ ಕೊಟ್ರೆ ಮೊದಲ ನಾಲ್ಕರಲ್ಲಿ ತಪ್ಪು ಮಾಡಿದ ಮಗು ಅದೇ ತಪ್ಪನ್ನ ಇನ್ನೂ ಹದಿನಾರು ಸಲ ಪ್ರಾಕ್ಟೀಸ್ ಮಾಡತ್ತೆ. ಆರರಲ್ಲಿ ಎರಡು ಪಟ್ಟಿ ಇಟ್ಟು ಮಾಡೋದು, ಎರಡು ಪಟ್ಟಿ ಮುಟ್ಟದೆ ಬರೀ ಚಿತ್ರ ಬಿಡಿಸಿ ಮಾಡೋದು, ಒಂದು ತಪ್ಪಾಗಿ ಮಾಡಿರೋ ಲೆಕ್ಕ ಕೊಟ್ಟು "ಇವನು ಎಲ್ಲಿ ತಪ್ಪಿದ, ಬರಿ" ಅನ್ನೋದು. ಕೊನೇದು ಉತ್ತರ ಕೊಟ್ಟು ಪ್ರಶ್ನೆ ಕೇಳೋದು: ಯಾವ ಎರಡು ಭಿನ್ನರಾಶಿ ಕೂಡಿಸಿದ್ರೆ 7/12 ಬರತ್ತೆ? ಇನ್ನೊಂದು ಜೋಡಿ ಹುಡುಕು. 1/2 + 1/12 ಅಂತ ಒಬ್ಬಳು ಬರೀತಾಳೆ, 5/12 + 1/6 ಅಂತ ಇನ್ನೊಬ್ಬ ಬರೀತಾನೆ, ಎರಡೂ ಸರಿ. ಒಂದೇ ಉತ್ತರ ಇಲ್ಲದ ಕಡೆ ಏನಂತ ಕಾಪಿ ಹೊಡೀತಾರೆ?

ಕಾಪಿ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ನನ್ನ ಫೇವರಿಟ್ ಇನ್ನೊಂದಿದೆ. ನಾಲ್ಕಂಕಿ ಕಳೆಯೋ ಲೆಕ್ಕ, ಅದೇ ದಶಕ ಸಾಲ ತಗೊಂಡು ಕಳೆಯೋದು, ಸೊನ್ನೆ ಬಂದ್ರೆ ಮಕ್ಕಳು ಬೆವರ್ತಾರಲ್ಲ ಅದು. ಬರ್ತಾ ದಾರಿಲಿ ನೋಡಿದ ಯಾವುದಾದ್ರೂ ಗಾಡಿ ನಂಬರ್ ಪ್ಲೇಟಿನ ಕೊನೆ ನಾಲ್ಕಂಕಿ ಬರ್ಕೊಂಡು ಬನ್ನಿ ಅನ್ನಿ, ಬೆಂಗಳೂರಲ್ಲಿ ಗಾಡಿಗಂತೂ ಬರ ಇಲ್ಲ. ನಾಲ್ಕೂ ಅಂಕಿ ಒಂದೇ ಇರಬಾರದು ಅಷ್ಟೇ. ಅಂಕಿಗಳನ್ನ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಒಂದು ಸಂಖ್ಯೆ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಒಂದು ಸಂಖ್ಯೆ, ದೊಡ್ಡದರಲ್ಲಿ ಚಿಕ್ಕದು ಕಳಿ. ಬಂದ ಉತ್ತರಕ್ಕೆ ಮತ್ತೆ ಅದೇ ಮಾಡು. 2745 ತಗೊಳ್ಳಿ: 7542 − 2457 = 5085. ಆಮೇಲೆ 8550 − 0558 = 7992. ಹೀಗೇ ಹೋಗ್ತಾ 7173, 6354, 3087, 8352, ಕೊನೆಗೆ 6174. ಅಲ್ಲಿಂದ ಮುಂದೆ ಎಷ್ಟು ಮಾಡಿದ್ರೂ 6174ರಲ್ಲೇ ಸಿಕ್ಕಾಕೊಳತ್ತೆ. ಯಾವ ಸಂಖ್ಯೆಯಿಂದ ಶುರು ಮಾಡಿದ್ರೂ ಜಾಸ್ತಿ ಅಂದ್ರೆ 7 ಸಲಕ್ಕೆ ಇಲ್ಲಿಗೆ ಬರ್ಲೇಬೇಕು.

ಇದರ ಮಜಾ ನೋಡಿ, ಒಬ್ಬೊಬ್ಬರ ಲೆಕ್ಕ ಒಂದೊಂದು ಥರ ಆದ್ರಿಂದ ಪಕ್ಕದವನ ಪುಸ್ತಕ ನೋಡಿ ಪ್ರಯೋಜನ ಇಲ್ಲ, ಆದ್ರೆ ಕೊನೆ ಉತ್ತರ ಎಲ್ಲರಿಗೂ ಒಂದೇ, ಅದಕ್ಕೆ ನೀವು ಐವತ್ತು ಪುಸ್ತಕ ಕೂತು ತಿದ್ದಬೇಕಾಗಿಲ್ಲ. ಏಳು ಸಲಕ್ಕೂ 6174 ಬಂದಿಲ್ಲ ಅಂದ್ರೆ ನಡುವೆ ಎಲ್ಲೋ ಕಳೆಯೋದ್ರಲ್ಲಿ ತಪ್ಪಿದೆ, ಹುಡುಕ್ಕೋ ಹೋಗು ಅಂತ ಮಗುಗೇ ವಾಪಸ್ ಕೊಡಬಹುದು. ನಡುವೆ 999 ಬಂದ್ರೆ 0999 ಅಂತ ಸೊನ್ನೆ ಸೇರಿಸಿಕೊಂಡೇ ಮಾಡ್ಬೇಕು, ಇದನ್ನ ಮೊದಲೇ ಹೇಳಿಬಿಡಿ ಇಲ್ಲಾಂದ್ರೆ ಗಲಾಟೆ. ಇದನ್ನ 1949ರಲ್ಲಿ ಕಂಡುಹಿಡಿದವರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್, ಮಹಾರಾಷ್ಟ್ರದ ದೇವಳಾಲಿಯಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದವರು. ಯೂನಿವರ್ಸಿಟಿ ಪ್ರೊಫೆಸರ್ ಅಲ್ಲ, ನಿಮ್ಮ ಹಾಗೆ ಪುಸ್ತಕ ತಿದ್ದಿದವರು, ಅದನ್ನೂ ಮಕ್ಕಳಿಗೆ ಹೇಳಿ.

6, 7ನೇ ಕ್ಲಾಸಲ್ಲಿ ಪೂರ್ಣಾಂಕ ಬಂದಾಗ ಮೆಟ್ರೋ ಹಿಡ್ಕೊಳ್ಳಿ. ನೇರಳೆ ಮಾರ್ಗ ಮಾತ್ರ, ಹಸಿರು ಬೇಡ, ಎರಡೂ ತಂದ್ರೆ ಗೊಂದಲ. ಮೆಜೆಸ್ಟಿಕ್ ಸೊನ್ನೆ. ವೈಟ್‌ಫೀಲ್ಡ್ ಕಡೆ ಧನ: ಸೆಂಟ್ರಲ್ ಕಾಲೇಜು 1, ವಿಧಾನಸೌಧ 2, ಕಬ್ಬನ್ ಪಾರ್ಕ್ 3, ಎಂಜಿ ರೋಡ್ 4. ಚಲ್ಲಘಟ್ಟ ಕಡೆ ಋಣ: ಸಿಟಿ ರೈಲ್ವೆ ಸ್ಟೇಷನ್ −1, ಮಾಗಡಿ ರೋಡ್ −2, ಹೊಸಹಳ್ಳಿ −3, ವಿಜಯನಗರ −4. ಕಾರಿಡಾರಲ್ಲಿ ಚಾಕ್‌ಪೀಸಲ್ಲಿ ಉದ್ದಕ್ಕೆ ಗೆರೆ ಎಳೆದು ಒಂದೊಂದು ಸ್ಟೇಷನ್ನಿಗೆ ಒಬ್ಬೊಬ್ಬರನ್ನ ನಿಲ್ಲಿಸಿ. ವಿಜಯನಗರದಲ್ಲಿ ಹತ್ತಿ ಎಂಜಿ ರೋಡಲ್ಲಿ ಇಳಿದ್ರೆ ಎಷ್ಟು ಸ್ಟೇಷನ್ ಮುಂದೆ ಬಂದ? ಎಣಿಸಿದ್ರೆ 8. ಈಗ ಅದನ್ನೇ ಬರೆಯೋ ಕ್ರಮ ಕೊಡಿ, ಇಳಿದ ಜಾಗದಲ್ಲಿ ಹತ್ತಿದ ಜಾಗ ಕಳಿ: 4 − (−4). ಉತ್ತರ 8 ಅಂತ ಆಗಲೇ ನಡೆದು ನೋಡಿದಾರೆ, "ಮೈನಸ್ ಮೈನಸ್ ಪ್ಲಸ್" ಅಂತ ಮಂತ್ರ ಬೇಕಾಗಿಲ್ಲ. ವಾಪಸ್ ಬಂದ್ರೆ −4 − 4 = −8, ದಿಕ್ಕು ತಿರುಗಿತು. ಆದ್ರೆ ಇದನ್ನ ಕೂಡೋದು ಕಳೆಯೋದಕ್ಕೆ ಮಾತ್ರ ಇಟ್ಕೊಳ್ಳಿ. (−3) × (−2)ಗೂ ಮೆಟ್ರೋ ಎಳೆಯಕ್ಕೆ ಹೋಗಬೇಡಿ, ಅಲ್ಲಿ ಕಥೆ ಕಟ್ಟಿ ಕಟ್ಟಿ ಕೊನೆಗೆ ಟೀಚರಿಗೇ ದಾರಿ ತಪ್ಪತ್ತೆ.

ಹಾಗೇ ಯಾವುದು ಬೇಡ ಅಂತಾನೂ ಹೇಳಿಬಿಡ್ತೀನಿ. ಉತ್ತರ ನೋಡಿ ಬಣ್ಣ ತುಂಬೋ ಹಾಳೆಗಳಲ್ಲಿ ಅರ್ಧ ಗಂಟೆ ಬಣ್ಣಕ್ಕೇ ಹೋಗತ್ತೆ, ಲೆಕ್ಕ ಐದು ನಿಮಿಷದ್ದು. ತಂಬೋಲಾ ಮಗ್ಗಿ ಪ್ರಾಕ್ಟೀಸಿಗೆ ಚೆನ್ನಾಗಿದೆ, ಹೊಸ ವಿಷಯ ಕಲಿಸಕ್ಕೆ ಆಗಲ್ಲ. ಪಿಜ್ಜಾ, ದೋಸೆ ಥರದ ದುಂಡು ಚಿತ್ರ "ಕಾಲು ಅಂದ್ರೆ ಏನು" ಅಂತ ಪರಿಚಯ ಮಾಡಕ್ಕೆ ಓಕೆ, ಕೂಡಿಸೋ ಹೊತ್ತಿಗೆ ಪಟ್ಟಿಗೆ ಬನ್ನಿ. ಚೌಕಾಬಾರ ಮಾತ್ರ ಬಿಡಬೇಡಿ, ದತ್ತಾಂಶ ಪಾಠಕ್ಕೆ ಅದಕ್ಕಿಂತ ಬೇಕಾ? ಒಂದು ಕಡೆ ಉಜ್ಜಿದ ನಾಲ್ಕು ಹುಣಸೆ ಬೀಜ ಐವತ್ತು ಸಲ ಹಾಕಿ ಯಾವುದು ಎಷ್ಟು ಸಲ ಬಿತ್ತು ಅಂತ ಗೀಟು ಹಾಕ್ಲಿ. ಎಂಟು (ನಾಲ್ಕೂ ಬೀಜ ಉಜ್ಜದ ಕಡೆ ಮೇಲಾಗಿ ಬಿದ್ದಾಗ) ಯಾಕೆ ಅಪರೂಪ, ಎರಡು ಯಾಕೆ ಪದೇ ಪದೇ ಬೀಳತ್ತೆ ಅಂತ ಅವರೇ ಜಗಳ ಆಡ್ತಾರೆ.

ಸಾಮಾನು ಎಲ್ಲಿಂದ ತರೋದು ಅನ್ನೋ ಚಿಂತೆ ಇದ್ರೆ ಮೊದಲು ನಿಮ್ಮ ಶಾಲೆ ಬೀರು ತೆಗೆದು ನೋಡಿ. ಗಣಿತ ಕಲಿಕಾ ಆಂದೋಲನ ಅಂತ ಬೆಂಗಳೂರಿನ ಅಕ್ಷರ ಫೌಂಡೇಶನ್ ರಾಜ್ಯ ಸರ್ಕಾರದ ಜೊತೆ ಸೇರಿ ಮಾಡಿದ್ದು, 4 ಮತ್ತು 5ನೇ ಕ್ಲಾಸಿಗೆ ಕಿಟ್ ಕೊಟ್ಟಿದಾರೆ, ಅಬ್ಯಾಕಸ್ಸು, ಭಿನ್ನರಾಶಿ ಪಟ್ಟಿ ಎಲ್ಲ ಅದರಲ್ಲಿದೆ. ಎಷ್ಟೋ ಕಡೆ ಕಳೆದುಹೋದ್ರೆ ಯಾರು ಜವಾಬ್ದಾರಿ ಅನ್ನೋ ಭಯಕ್ಕೆ ಬೀಗದೊಳಗೇ ಇರತ್ತೆ. ತೆಗೆದು ಮಕ್ಕಳ ಕೈಗೆ ಕೊಡಿ, ಒಂದೆರಡು ಪೀಸ್ ಹೋದ್ರೆ ಹೋಗ್ಲಿ.

ಇನ್ನು ಪೋರ್ಷನ್. ಪಟ್ಟಿ ಮಾಡೋ ಮೊದಲ ದಿನ ಒಂದು ಪಿರಿಯಡ್ ಪೂರ್ತಿ ಹೋಗತ್ತೆ, ಅದನ್ನ ಒಪ್ಕೊಳ್ಳಿ. ಆದ್ರೆ ಅದೇ ಏಳು ಪಟ್ಟಿ ಸಮಾನ ಭಿನ್ನರಾಶಿಗೂ ಬರತ್ತೆ, ಹೋಲಿಕೆಗೂ ಬರತ್ತೆ, ಕೂಡೋದು ಕಳೆಯೋದಕ್ಕೂ ಬರತ್ತೆ. ಎರಡನೇ ದಿನದಿಂದ 40 ನಿಮಿಷದ ಪಿರಿಯಡಲ್ಲಿ ಪಟ್ಟಿ ಕೆಲಸ ಹದಿನೈದು ನಿಮಿಷ, ಹಾಳೆ ಹದಿನೈದು ನಿಮಿಷ, ಮಿಕ್ಕಿದ್ದು ಇಬ್ಬರನ್ನ ಬೋರ್ಡಿಗೆ ಕರೆದು ಮಾತಾಡ್ಸೋದು. ಆ ಮಾತಾಡ್ಸೋದನ್ನ ಟೈಮ್ ಇಲ್ಲ ಅಂತ ಬಿಡಬೇಡಿ, ಬಿಡೋದಾದ್ರೆ ಹಾಳೆಯಲ್ಲಿ ಎರಡು ಪ್ರಶ್ನೆ ಬಿಡಿ. ಮತ್ತೆ ಎಚ್‌ಎಂ, ಸಿಆರ್‌ಪಿ (ಶಾಲೆ ನೋಡಕ್ಕೆ ಬರೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು "ಆಟ ಆಡಿಸ್ತಾ ಕೂತಿದೀರಾ" ಅಂದ್ರೆ ಮಕ್ಕಳ ನೋಟ್‌ಬುಕ್ ತೆಗೆದು ತೋರ್ಸಿ, ಎಡಗಡೆ ಚಿತ್ರ ಇದೆ, ಬಲಗಡೆ ಲೆಕ್ಕ ಇದೆ, ತಾರೀಖು ಸಮೇತ.