ಹೈಕುಗೂ ಪ್ರಸ್ತಾರ ಹಾಕಬಹುದು

ಜಪಾನಿನ ಪುಟ್ಟ ಪದ್ಯ ಹೈಕು ಅಂದರೆ 5-7-5, ಒಟ್ಟು 17 ಅಕ್ಷರ. ಇದನ್ನು ಎಷ್ಟು ಕಡೆ ಓದಿದ್ದೇನೋ ಲೆಕ್ಕವಿಲ್ಲ. ಆದರೆ ಇದು ತಪ್ಪು. ಜಪಾನಿಯರು ಎಣಿಸುವುದು ಮಾತ್ರೆಗಳನ್ನು.

ಶಾಲೆಯಲ್ಲಿ ಲಘು-ಗುರು ಹಾಕಿ ಬೆವರಿದ ನಮಗೆ ಇದು ಗೊತ್ತಿರುವ ಆಟವೇ ಅಲ್ವಾ? ‘ಹೈಕು’ ಪದವನ್ನೇ ನೋಡಿ. ಹೈ ಗುರು (2), ಕು ಲಘು (1), ಒಟ್ಟು 3. ಅಲ್ಲೂ ಹ-ಇ-ಕು, 3. ಹೈಕುವಿಗಿಂತ ಹಳೆಯ, 31 ಮಾತ್ರೆಯ ಪದ್ಯ ‘ತಂಕ’ದಲ್ಲಿ ಸೊನ್ನೆ ಇದೆ, ಹಾಗಾಗಿ ತಂ ಗುರು. ಅವರಿಗೆ ಅದು ತ-ನ್-ಕ, ಮತ್ತೆ 3. ‘ನಿಪ್ಪೊನ್’ (ಜಪಾನಿಗೆ ಅವರದೇ ಹೆಸರು) ಕಿವಿಗೆ ಎರಡೇ ತುಂಡು, ಎಣಿಸಿದರೆ ನಿ-ಪ್-ಪೊ-ನ್, 4. ಬಸ್ಸಿನ ಕಂಡಕ್ಟರ್ ಇದ್ದ ಹಾಗೆ ಅಂದುಕೊಳ್ಳಿ. ಕಾಲು ಚಾಚಿ ಕೂತ ದೀರ್ಘಕ್ಕೆ ಎರಡು ಟಿಕೆಟ್. ಮಡಿಲಲ್ಲಿ ಕೂತ ಅರ್ಧ ‘ನ್’ಗೂ ಪೂರ್ತಿ ಟಿಕೆಟ್. ಹೈಕುವಿನ ಹೆಸರಾಂತ ಕವಿಯನ್ನು ನಾವು ‘ಬಾಶೋ’ ಎಂದು ಬರೆಯುತ್ತೇವೆ. ಅದು ‘ಬಶೋ’. ಸುಮ್ನೆ ಒಂದು ಮಾತ್ರೆ ಜಾಸ್ತಿ ಕೊಟ್ಟಿದ್ದೇವೆ!

ಆದರೆ ಒಂದು ಕಡೆ ದಾರಿ ಬೇರೆಯಾಗುತ್ತದೆ. ‘ಒಕ್ಯಕು’ ಅಂದರೆ ಅತಿಥಿ. ಒತ್ತಕ್ಷರದ ಹಿಂದಿನ ‘ಒ’ ನಮಗೆ ಗುರು. ಅವರಿಗೆ ಅದು ಲಘುವೇ.

ಈ ಲೆಕ್ಕ ಶುರುವಾಗಿದ್ದು ಎಲ್ಲಿ? 31 ಮಾತ್ರೆಯ ಪದ್ಯವನ್ನು ಮೊದಲು ಹಾಡಿದ್ದು ಸುಸನೊಒ ದೇವರು ಅಂತ ಸುಮಾರು 905ರಲ್ಲಿ ಕವಿ ಕಿ ನೊ ತ್ಸುರಯುಕಿ ಬರೆದ. ಚೆಂದದ ಕಥೆ, ಅಷ್ಟೇ. 712ರ ಪುರಾಣ-ಇತಿಹಾಸ ಗ್ರಂಥ ಕೊಜಿಕಿಯ ಹಾಡುಗಳಲ್ಲಿ 4, 6 ಮಾತ್ರೆಯ ಸಾಲುಗಳೂ ಸಿಗುತ್ತವೆ. ಅಳತೆ ನಿಧಾನವಾಗಿ ಗಟ್ಟಿಯಾಗಿದೆ. 8ನೇ ಶತಮಾನದ ಮನ್‌ಯೋಶೂ ಸಂಕಲನದ ಸುಮಾರು 4,500 ಪದ್ಯಗಳಲ್ಲಿ ಬಹುಪಾಲು 5-7-5-7-7ರ ತಂಕಗಳೇ.

ಆಮೇಲೆ ರೆಂಗ ಬಂತು. ಒಬ್ಬ 5-7-5 ಹೇಳಿದರೆ ಇನ್ನೊಬ್ಬ 7-7 ಸೇರಿಸಬೇಕು, ಸರಪಳಿ ಹಾಗೇ ಬೆಳೆಯಬೇಕು. ಅದರ ಮೊದಲ ಕೊಂಡಿಯ ಹೆಸರು ಹೊಕ್ಕು. 1890ರ ದಶಕದಲ್ಲಿ ಕವಿ ಮಸಓಕ ಶಿಕಿ ಅದನ್ನು ಸರಪಳಿಯಿಂದ ಬಿಡಿಸಿ, ಸ್ವತಂತ್ರ ಪದ್ಯವಾಗಿ ನಿಲ್ಲಿಸಿ, ಹೈಕು ಅಂದ. ಬಶೋ ತೀರಿಕೊಂಡದ್ದು 1694ರಲ್ಲಿ. ತಾನು ‘ಹೈಕು ಕವಿ’ ಅಂತ ಅವನಿಗೆ ಗೊತ್ತೇ ಇರಲಿಲ್ಲ!

ಈಗ ಅವನದೇ ಒಂದನ್ನು ಬೆರಳು ಮಡಿಸಿ ಎಣಿಸಿ:

ಕರೆಎದ ನಿ
ಕರಸು ನೊ ತೊಮರಿಕೆರಿ
ಅಕಿ ನೊ ಕುರೆ

ಒಣಕೊಂಬೆಯ ಮೇಲೆ ಕಾಗೆ ಬಂದು ಕೂತಿದೆ, ಶರತ್ಕಾಲದ ಸಂಜೆ. ನಡುವಿನ ಸಾಲು 9 ಬಂತಾ? ನೀವು ತಪ್ಪು ಎಣಿಸಿಲ್ಲ. ಮೊದಲು ಅಲ್ಲಿ ‘ತೊಮರಿತರು ಯ’ ಅಂತಿತ್ತು, ಆಗ 10. ಬಶೋ ಅದನ್ನು ತಿದ್ದಿದ, 9ಕ್ಕೆ ಇಳಿಸಿದ, 7ರವರೆಗೆ ಹೋಗಲಿಲ್ಲ.