ಪಾರ್ಕಿನ್‌ಸನ್‌ಗೆ ‘ಪ್ರೋಟೀನ್ ಮದ್ದು’: 1993ರಿಂದ ಎಲ್ಲಿಗೆ ಬಂತು?

ಮಂಗಳೂರು, ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಒಂದು ಸುದ್ದಿ ಸುತ್ತುತ್ತದೆ: ನರಕೋಶ ಉಳಿಸುವ ಪ್ರೋಟೀನ್ ಸಿಕ್ಕಿದೆ, ಪಾರ್ಕಿನ್‌ಸನ್‌ಗೆ ಇನ್ನು ಮಾತ್ರೆ ಬೇಡ! ಪೂರ್ತಿ ಸುಳ್ಳಲ್ಲ. ಆದರೆ ಹೊಸದೂ ಅಲ್ಲ.

ಮಿದುಳಿನಲ್ಲಿ ನರಕೋಶಗಳ ಜೊತೆ ಗ್ಲಿಯಾ ಕೋಶಗಳೂ ಇವೆ. ಅವು ಸುಮ್ನೆ ಹಿಡಿದಿಡುವ ಅಂಟು ಅಂತ ನೂರು ವರ್ಷ ನಂಬಿದ್ದೆವು. 1993ರಲ್ಲಿ ಅಮೆರಿಕದ ಕೊಲೊರಾಡೋದ ತಂಡವೊಂದು ಇಲಿಯ ಗ್ಲಿಯಾ ಗೆಡ್ಡೆಯ ಕೋಶಗಳಿಂದ ಜಿಡಿಎನ್‌ಎಫ್ ಎಂಬ ಪ್ರೋಟೀನ್ ಬೇರ್ಪಡಿಸಿತು. ದೇಹದ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳನ್ನು ಅದು ಬದುಕಿಸಿತು. ಪಾರ್ಕಿನ್‌ಸನ್‌ನಲ್ಲಿ ಸಾಯುವುದು ಅವೇ ಅಲ್ವಾ?

ತೊಡಕು ಶುರುವಾದದ್ದು ಇಲ್ಲಿಂದ. ನುಂಗಿದರೆ ಈ ಪ್ರೋಟೀನ್ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ರಕ್ತಕ್ಕೆ ಕೊಟ್ಟರೆ ಮಿದುಳಿನೊಳಗೆ ದಾಟುವುದಿಲ್ಲ. ಉಳಿದದ್ದು ಮಂಡೆಗೆ ತೂತು ಕೊರೆಯುವ ದಾರಿ. ಮೊದಲು ಮಿದುಳಿನ ನಡುವಿನ ದ್ರವಕ್ಕೆ ಬಿಟ್ಟರು. ತೋಟದ ಮೂಲೆಗೆ ನೀರು ಬಿಟ್ಟು ಅಡಿಕೆ ಮರದ ಬುಡ ಒದ್ದೆಯಾಯ್ತಾ ಅಂತ ನೋಡಿದ ಹಾಗೆ. 50 ರೋಗಿಗಳ ಈ ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು: ಗುಣ ಇಲ್ಲ, ವಾಕರಿಕೆ ಮಾತ್ರ ಜಾಸ್ತಿ.

ಅದೇ ವರ್ಷ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಐವರಿಗೆ ಸಪೂರ ಕೊಳವೆಯಲ್ಲಿ ಮಿದುಳಿನಲ್ಲಿ ಚಲನೆ ನೋಡಿಕೊಳ್ಳುವ ಪುಟಾಮೆನ್ ಭಾಗಕ್ಕೇ ನೇರ ಮದ್ದು ಹರಿಸಿದರು. ಚಲನೆ ಸುಧಾರಿಸಿತು. ಆದರೆ ಎಲ್ಲರಿಗೂ ಸಿಗುತ್ತಿದ್ದದ್ದು ನಿಜವಾದ ಮದ್ದೇ, ಅದು ಅವರಿಗೆ ಗೊತ್ತೂ ಇತ್ತು. ಹಾಗಾಗಿ ಮುಂದೆ 34 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹುಸಿ ಮದ್ದು ಕೊಟ್ಟು ಹೋಲಿಸಿದರು. ಆರು ತಿಂಗಳಲ್ಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊಳವೆ ಮೊದಲಿನಂಥದ್ದಲ್ಲ ಎಂಬ ತಕರಾರು ಇಂದಿಗೂ ಮುಗಿದಿಲ್ಲ. ಕೆಲವರ ದೇಹ ಮದ್ದಿನ ವಿರುದ್ಧವೇ ಪ್ರತಿಕಾಯ ತಯಾರಿಸಿತು. ಹೆಚ್ಚು ಡೋಸ್ ಕೊಟ್ಟ ಕೆಲವು ಮಂಗಗಳ ಕಿರುಮಿದುಳಿಗೆ ಹಾನಿಯಾಗಿತ್ತು. 2004ರಲ್ಲಿ ಮದ್ದಿನ ಕಂಪನಿ ಎಲ್ಲರಿಗೂ ಅದನ್ನು ನಿಲ್ಲಿಸಿತು.

ನಿಲ್ಲಿಸಲು ಕಾರಣ ಸಣ್ಣದಲ್ಲ, ಒಪ್ಪೋಣ. ಆದರೆ ತೂತು ಕೊರೆಸಿಕೊಂಡು, ‘ನನಗೆ ಗುಣವಾಗುತ್ತಿದೆ’ ಎಂದವರ ಮಾತಿಗೆ ಎಷ್ಟು ಬೆಲೆ ಸಿಕ್ಕಿತು? ಕೆಲವರು ಕೋರ್ಟಿಗೂ ಹೋದರು. ಗೆಲ್ಲಲಿಲ್ಲ.

2019ರಲ್ಲಿ ಬ್ರಿಸ್ಟಲ್‌ನಿಂದ ಇದೇ ಪ್ರೋಟೀನಿನ ಇನ್ನೊಂದು ಪ್ರಯೋಗದ ವರದಿ ಬಂತು. ಸ್ಕ್ಯಾನ್‌ನಲ್ಲಿ ಸುಧಾರಣೆ ಕಂಡಿತು. ಒಂಬತ್ತು ತಿಂಗಳ ನಂತರ ಚಲನೆಯ ಅಂಕದಲ್ಲಿ ಮಾತ್ರ ಹುಸಿ ಮದ್ದಿನವರಿಗಿಂತ ಖಚಿತ ವ್ಯತ್ಯಾಸವಿಲ್ಲ. ಒಂಬತ್ತು ತಿಂಗಳು ಸಾಕಾ ಎಂಬ ಚರ್ಚೆ ಸಹಜವಾಗಿಯೇ ಎದ್ದಿತು.

ಈಗ ಪ್ರೋಟೀನಿನ ಬದಲು ಅದರ ಜೀನನ್ನೇ ನಿರಪಾಯದ ವೈರಸ್ ಮೂಲಕ ಮಿದುಳಿಗೆ ಕಳಿಸಿ, ಅಲ್ಲಿನ ಕೋಶಗಳಿಂದಲೇ ಅದನ್ನು ತಯಾರಿಸುವ ಪ್ರಯೋಗ ನಡೆಯುತ್ತಿದೆ. ಅದು ಮುಗಿಯುವವರೆಗೆ ಮಣಿಪಾಲವಾಗಲಿ ಕಂಕನಾಡಿಯಾಗಲಿ, ಡಾಕ್ಟರ್ ಬರೆದುಕೊಡುವುದು 1960ರ ದಶಕದಿಂದ ಬಳಕೆಯಲ್ಲಿರುವ, ಮಿದುಳಿನಲ್ಲಿ ಡೋಪಮೈನ್ ಆಗುವ ಲೆವೊಡೋಪಾ ಮಾತ್ರೆಯನ್ನೇ. ನಮ್ಮ ಗುಡ್ಡದ ನಸುಗುನ್ನಿ ಬೀಜದಲ್ಲೂ ಇರುವ ವಸ್ತು ಅದು.