ಹೂದಾನಿ ನೀರಿಗೆ ಎಷ್ಟು ಚಮಚ ಸಕ್ಕರೆ ಹಾಕಬೇಕು?

ಪ್ರಶ್ನೆ: ಊಟದ ಟೇಬಲ್ ಮೇಲೆ ಹೂ ಜೋಡಿಸಿಟ್ಟರೆ ಮಾರನೇ ದಿನವೇ ಬಾಡುತ್ತೆ. ನೀರಿಗೆ ಸಕ್ಕರೆ ಹಾಕಿದ್ರೆ ವಾರ ಇರುತ್ತಂತೆ. ಎಷ್ಟು ಚಮಚ ಹಾಕಬೇಕು?

ಒಂದು ಚಮಚವೂ ಬೇಡ. ಅರ್ಧವೂ ಬೇಡ. ಶ್ರಾವಣ ಬಂತೆಂದರೆ ಈ ಪ್ರಶ್ನೆ ಬರುತ್ತದೆ, ದಸರಾಕ್ಕೆ ಮತ್ತೆ ಬರುತ್ತದೆ. ಈ ಸಲ ಕೂತು ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಕೈಯಲ್ಲಿರುವ ಹೂವನ್ನು ನೋಡಿ. ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ನಾವು ಹೂ ಕೊಳ್ಳುವುದು ಮಾರಿನ ಲೆಕ್ಕದಲ್ಲಿ. ಬಿಡಿ ಹೂವಾದರೆ ಕಾಲು ಕೆಜಿ, ಅರ್ಧ ಕೆಜಿ. ಅದರಲ್ಲಿ ಕಡ್ಡಿ ಎಲ್ಲಿದೆ? ಚೆಂಡುಹೂವನ್ನು ಬೋರಲು ಹಾಕಿ ನೋಡಿ: ಹಸಿರು ತೊಟ್ಟು, ಅದರ ಕೆಳಗೆ ಉಗುರುದ್ದ ದಂಟು, ಮುಗೀತು. ಅದಕ್ಕೆ ಸಕ್ಕರೆ ಪಾನಕ ಮಾಡಿಟ್ಟರೆ ಇರುವೆಗೆ ಹಬ್ಬ, ಅಷ್ಟೇ.

ಇನ್ನು ಉದ್ದ ಕಡ್ಡಿಯ ಗುಲಾಬಿ, ಜರ್ಬೇರಾ, ಗ್ಲಾಡಿಯೋಲಸ್, ಸುಗಂಧರಾಜ. ಇವು ನೀರು ಕುಡಿಯುತ್ತವೆ, ನಿಜ. ಕಡ್ಡಿಯೊಳಗೆ ಕೂದಲಿಗಿಂತ ಸಣ್ಣ ನಳಿಕೆಗಳಿವೆ, ನೀರು ಏರುವುದು ಅವುಗಳಲ್ಲೇ. ಹೂ ಬಾಡುವುದು ಬಹಳ ಸಲ ಹಸಿವಿನಿಂದಲ್ಲ, ಈ ನಳಿಕೆ ಕಟ್ಟಿಕೊಂಡು. ಕಟ್ಟುವುದು ಯಾರು? ಬ್ಯಾಕ್ಟೀರಿಯಾ. ಅವಕ್ಕೆ ಊಟ ಹಾಕುವುದು ಯಾರು? ಸಕ್ಕರೆ ಹಾಕಿದ ನೀವು.

ಅನುಮಾನ ಇದ್ದರೆ ಸಕ್ಕರೆ ನೀರಿನಲ್ಲಿ ಎರಡು ದಿನ ನಿಂತ ಗುಲಾಬಿಯ ಕಡ್ಡಿ ತೆಗೆದು ಬುಡವನ್ನು ಬೆರಳಲ್ಲಿ ಉಜ್ಜಿ. ಲೋಳೆ ಲೋಳೆ ಕೈಗೆ ಬರುತ್ತದೆ. ನೀರು ಮಸುಕಾಗಿ, ಮೂಗು ಹತ್ತಿರ ತಂದರೆ ವಾಸನೆ. ಮೇಲೆ ಹೂವಿನ ಕತ್ತು ಬಾಗಿರುತ್ತದೆ. ಬುಡದಲ್ಲಿ ಒಂದು ಪಾತ್ರೆ ನೀರಿದ್ದರೂ ತಲೆಗೆ ಒಂದು ಹನಿ ಏರುತ್ತಿಲ್ಲ.

'ಹೂವಿನ ಜೊತೆ ಬರೋ ಪುಡಿ ಪೊಟ್ಟಣದಲ್ಲಿ ಸಕ್ಕರೆನೇ ಇರೋದು ಅಲ್ವಾ?' ಅಂತ ಅಡ್ಡಪ್ರಶ್ನೆ ಬರುತ್ತದೆ. ಇರುತ್ತದೆ. ಅದರ ಜೊತೆಗೆ ನೀರನ್ನು ಹುಳಿ ಮಾಡುವ ಸಿಟ್ರಿಕ್ ಆಸಿಡ್‌ನಂಥದ್ದು, ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಕೂಡ ಇರುತ್ತವೆ. ಮೂರೂ ಸೇರಿದರೆ ಕೆಲಸ. ಗ್ಲಾಡಿಯೋಲಸ್, ಸುಗಂಧರಾಜದ ಮೇಲಿನ ಮೊಗ್ಗುಗಳು ಅರಳಲು ಆಗ ಸಕ್ಕರೆ ನಿಜಕ್ಕೂ ನೆರವಾಗುತ್ತದೆ. ಮೂರರಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು ಬಂದವರೇ ಈ ಕತೆ ಹಬ್ಬಿಸಿದವರು.

'ನಮ್ಮ ಅತ್ತಿಗೆ ಮನೇಲಿ ಸಕ್ಕರೆ ಹಾಕಿ ವಾರ ಇತ್ತು' ಎನ್ನುವವರೂ ಇದ್ದಾರೆ. ಕೇಳಿ ನೋಡಿ, ಅತ್ತಿಗೆ ಸಕ್ಕರೆ ಹಾಕುವ ನೆಪದಲ್ಲಿ ದಿನಾ ನೀರು ಬದಲಿಸಿರುತ್ತಾರೆ. ಹೆಸರು ಮಾತ್ರ ಸಕ್ಕರೆಗೆ.

ಮಾಡಬೇಕಾದ್ದು ಇಷ್ಟೇ. ಹೂದಾನಿಯನ್ನು ಅನ್ನದ ಪಾತ್ರೆಯಷ್ಟೇ ಚೆನ್ನಾಗಿ ತಿಕ್ಕಿ ತೊಳೆಯಿರಿ. ನೀರಿಗೆ ತಾಗುವ ಎಲೆ ಎಲ್ಲಾ ಕಿತ್ತುಹಾಕಿ. ಬುಡವನ್ನು ಬಕೆಟ್ ನೀರಿನೊಳಗೆ ಮುಳುಗಿಸಿ ಹಿಡಿದು, ಚೂಪು ಚಾಕುವಿನಲ್ಲಿ ಒಂದಿಂಚು ಓರೆಯಾಗಿ ಕೊಯ್ಯಿರಿ. ಹೊರಗೆ ಕೊಯ್ದರೆ ನಳಿಕೆಗೆ ಗಾಳಿ ಸೇರಿಕೊಳ್ಳುತ್ತದೆ. ನೀರನ್ನು ದಿನಾ ಬದಲಿಸಿ.

ನೀರು ಅಂದಾಗ ಚಿತ್ರದುರ್ಗದ ಕಡೆಯವರಿಗೆ ಒಂದು ಮಾತು. ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಿಮಗೆ ನಾನು ಹೇಳಬೇಕಿಲ್ಲ. ಗ್ಲಾಡಿಯೋಲಸ್‌ಗೂ ಜರ್ಬೇರಾಗೂ ಅದು ಆಗಿಬರುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಇದ್ದರೂ ಸಾಕು, ಎಸಳಿನ ಅಂಚು ಸುಟ್ಟಂತೆ ಕಂದಾಗುತ್ತದೆ. ಅದನ್ನು ನೋಡಿ ಇನ್ನೊಂದು ಚಮಚ ಸಕ್ಕರೆ ಸುರಿಯುವವರಿದ್ದಾರೆ! ಈ ಎರಡು ಹೂವಿಗೆ ಮಳೆನೀರು, ಇಲ್ಲದಿದ್ದರೆ ಫ್ಲೋರೈಡ್ ತೆಗೆಯುವ ಆರ್‌ಒ (RO) ಫಿಲ್ಟರ್ ನೀರು ಹಾಕಿ.

ಕಡ್ಡಿ ಇಲ್ಲದ ನಮ್ಮ ಹೂಗಳಿಗೆ ಹೂದಾನಿಯೇ ಬೇಡ. ಅಗಲ ಬಾಯಿಯ ಹಿತ್ತಾಳೆ ಬಟ್ಟಲು ಸಾಕು. ತಳದಲ್ಲಿ ಎರಡು ಬೆರಳು ನೀರು, ಮೇಲೆ ತೇಲುವ ಹೂ. ಒತ್ತೊತ್ತಾಗಿ ತುಂಬಬೇಡಿ, ಹೂವಿಗೆ ತಿರುಗಾಡಲು ಜಾಗ ಬೇಕು. ಸೇವಂತಿಗೆ ರಾತ್ರಿ ಉದ್ದವಾಗುವ ಕಾಲಕ್ಕೆ ಅರಳುವ ಗಿಡ, ದೀಪಾವಳಿಯಿಂದ ಸಂಕ್ರಾಂತಿವರೆಗೆ ಅದನ್ನೇ ನೆಚ್ಚಿಕೊಳ್ಳಿ. ಬೇಸಿಗೆಗೆ ಮಲ್ಲಿಗೆ, ಸಂಜೆ ಹೊತ್ತು ಮಾತ್ರ. ಯುಗಾದಿಗೆ ಬೇವಿನ ಹೂಗೊಂಚಲು ಹಾಗೇ ಇಟ್ಟರೂ ಚೆಂದ.

ನನಗೆ ಎಲ್ಲಕ್ಕಿಂತ ಇಷ್ಟ ಅಣ್ಣೆ ಹೂ. ಮಳೆಗಾಲ ಮುಗಿಯುವಾಗ ಹೊಲದಲ್ಲಿ ಕಳೆಯಾಗಿ ನಿಂತಿರುತ್ತದಲ್ಲ, ತುದಿಗೆ ಗುಲಾಬಿ, ಬುಡಕ್ಕೆ ಬೆಳ್ಳಿಬಣ್ಣದ ಚೂಪು ತೆನೆ, ಅದೇ. ಒಂದು ಹಿಡಿ ಕೊಯ್ದು ತಲೆಕೆಳಗಾಗಿ ನೇತುಹಾಕಿ ಒಣಗಿಸಿದರೆ ತಿಂಗಳುಗಟ್ಟಲೆ ಟೇಬಲ್ ಮೇಲಿರುತ್ತದೆ. ನೀರೂ ಬೇಡ. ದುಡ್ಡಂತೂ ಬೇಡವೇ ಬೇಡ. ಚನ್ನಗಿರಿ ಕಡೆ ನೆಂಟರಿದ್ದರೆ ಒಂದು ಹಿಂಗಾರ ಕೇಳಿ ನೋಡಿ, ಅದೊಂದೇ ಇಡೀ ಟೇಬಲ್ಲಿಗೆ ಸಾಕು. ಅಡಿಕೆ ರೇಟು ಗೊತ್ತಿರುವ ನೆಂಟರು ಕೊಡುತ್ತಾರೆ ಅನ್ನುವ ಗ್ಯಾರಂಟಿ ನನ್ನದಲ್ಲ.

ಎತ್ತರ ಹದವಾಗಿರಲಿ, ಎದುರು ಕೂತವರ ಮುಖ ಕಾಣಬೇಕು. ಸುಗಂಧರಾಜ ಊಟದ ಟೇಬಲ್ಲಿಗೆ ಬೇಡ, ಸಾರಿನ ಘಮಕ್ಕೂ ಅದಕ್ಕೂ ಜಗಳ. ಪಕ್ಕದಲ್ಲೇ ಮಾಗಿದ ಬಾಳೆಹಣ್ಣು, ಮಾವಿನಹಣ್ಣು ಇದ್ದರೆ ಅವು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್‌ನಂಥ ಹೂ ಬೇಗ ಮುದುಡುತ್ತದೆ. ಫಲಪುಷ್ಪ ಒಂದೇ ತಟ್ಟೆಯಲ್ಲಿರುವುದು ಪೂಜೆಗೆ ಸರಿ.

ನೀವು ಕೇಳದೇ ಇದ್ದರೂ ಇನ್ನೊಂದು ವಿಷಯ, ಏಕೆಂದರೆ ಕೇಳಬೇಕಾಗಿದ್ದದ್ದು ಇದೇ. ದೇವರಿಗೆ ಏರಿಸುವ ಹೂವೆಲ್ಲ ಊಟದ ಟೇಬಲ್ಲಿಗೆ ಬರುತ್ತಾ? ಇಲ್ಲ. ಕಣಗಿಲೆ ನೋಡಲು ಚೆಂದ, ಕಡ್ಡಿ ಉದ್ದ, ಬಿಟ್ಟಿ ಸಿಗುತ್ತದೆ, ಅದಕ್ಕೇ ಜನ ಕಿತ್ತು ತರುತ್ತಾರೆ. ಹೂ, ಎಲೆ, ಕಡ್ಡಿ, ಬೀಜ ಎಲ್ಲವೂ ಹೃದಯಕ್ಕೆ ವಿಷ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಉಮ್ಮತ್ತಿಯ ವಿಷಯ ಎಲ್ಲರಿಗೂ ಗೊತ್ತೇ ಇದೆ. ಎಸಳು ಉದುರಿ ಚಟ್ನಿ ಬಟ್ಟಲಿಗೆ ಬೀಳುವ ಜಾಗದಲ್ಲಿ ಇವುಗಳಿಗೆ ಏನು ಕೆಲಸ? ಕಣಗಿಲೆ ಕಡ್ಡಿ ನೆನೆದ ನೀರಿಗೂ ವಿಷ ಇಳಿದಿರುತ್ತದೆ. ಚೆಲ್ಲುವಾಗ ಮಕ್ಕಳು, ನಾಯಿ ಬಾಯಿ ಹಾಕದ ಕಡೆ ಚೆಲ್ಲಿ, ಕೈಯನ್ನು ಸೋಪು ಹಾಕಿ ತೊಳೆದುಕೊಳ್ಳಿ.